ಡೋಡೋ ಹಕ್ಕಿಗೆ ಬಿದ್ದ ಮಾಲೆ

ಗೆಳೆಯರೇ, ನಮ್ಮ ಪಡಸಾಲೆಯ ಗೋಡೆಯಲ್ಲಿರುವ ಡೋಡೋ ಹಕ್ಕಿಯ ಚಿತ್ರಕ್ಕೆ ಇಂದು ಬೆಳಿಗ್ಗೆ ಹೂಮಾಲೆ ಬಿದ್ದಿದೆ. ಸುದ್ದಿ ತಂದವಳು ತಂಗಿ ಶಾಂತಾ. ಅವಳನ್ನು ನೋಡಲು ನಾಳೆ ಹುಕ್ಕೇರಿಯಿಂದ ಗಂಡಿನ ಕಡೆಯವರು ಬರುವವರಿದ್ದಾರೆ.

ಗೋಡೆ ಬರಿದಾಗಿ ಕಾಣಬಾರದೆಂದು ಆ ಹಳೆಯ ಅಚ್ಚಿನ ಚಿತ್ರ ತಂದವನು ನಾನೇ. ಗೋಕಾಕ ಫಾಲ್ಸಿನ ಬಂಗಲೆ ಬಿಟ್ಟು ಹೋದ ಸಾಹೇಬರೊಬ್ಬರ ಸಾಮಾನಿನಲ್ಲಿ ಸಿಕ್ಕಿತ್ತು. ಈ ಹಕ್ಕಿಯ ಜಾತಿಯೇ ಅಳಿದುಹೋಗಿದೆ, ಜಗತ್ತಿನಲ್ಲಿ ಒಂದೂ ಉಳಿದಿಲ್ಲ ಎಂದು ನಿನ್ನೆ ಅವ್ವನಿಗೆ ಹೇಳಿದವನೂ ನಾನೇ.

“ಯಾರ ತೀರಿಕೊಂಡಾರ ಅಂತ ಬಂದವರು ಕೇಳಿದ್ರ ಹಕ್ಕಿ ಅನ್ನಲೇನ?” ಎಂದು ಶಾಂತಾ ಅಳುವಂತಾದಳು. “ಮನ್ಯಾಗ ಸೂತಕ ಐತಿ ಅಂತ ಹಂಗ ಹೊಳ್ಳಿ ಹೋಗ್ತಾರ!”

ಅವ್ವ ಜಗ್ಗಲಿಲ್ಲ. “ಪಾಪ, ಅದರ ಹಿಂದ ಯಾರೂ ಉಳದಿಲ್ಲಂತ. ನಾವರ ಮಾಲಿ ಹಾಕಬ್ಯಾಡೇನ?”

ಬಾಜೂ ಮನೆಯ ಭೀಮಣ್ಣ ಕಾಕಾ ಕಟ್ಟಿಗೆಯ ಗೊಂಬೆ ಮಾಡುವವರು. ಗದ್ದಲ ಕೇಳಿ ಬಂದು, ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಅಕ್ಕಾರ, ನಾ ಒಂದ ಜೋಡಿ ಮಾಡಿ ಕೊಡ್ತೇನ್ರಿ, ಹೆಣ್ಣು ಗಂಡು. ನಮ್ಮ ಗೋಕಾಕದಾಗ ಹುಟ್ಟಿದ ಮ್ಯಾಲ ವಂಶ ಹೋತು ಅನ್ನಾಕ ಬರೂದಿಲ್ಲ.”

ಅವ್ವ ಸ್ವಲ್ಪ ಯೋಚಿಸಿ, ತಾನೇ ಸ್ಟೂಲು ಹತ್ತಿ ಮಾಲೆ ತೆಗೆದಳು. ಕೆಳಗಿಳಿದು ಹೇಳಿದಳು: “ಮರಿನೂ ಒಂದ ಇರ್ಲಿ, ಭೀಮಣ್ಣಾ.”

ಗಂಡಿನ ಕಡೆಯವರು ನಾಳೆ ಹನ್ನೊಂದು ಗಂಟೆಗೆ ಬರುತ್ತಾರೆ. ಡೋಡೋ ಕುಟುಂಬಕ್ಕೆ ಸೋಮವಾರ ಬಣ್ಣ ಹಚ್ಚಲಾಗುತ್ತದೆ.