ಚೇಳೂರಿನ ಭದ್ರಮ್ಮ ಮತ್ತು ಜ್ವರ ಬಾರದ ಕೂಸು

ಭದ್ರಮ್ಮನಿಗೂ ನನಗೂ ಪರಿಚಯವಾದದ್ದೇ ಜಗಳದಿಂದ. ಬಟವಾಡಿಯ ಮಕ್ಕಳ ಕ್ಲಿನಿಕ್ಕೊಂದರಲ್ಲಿ ನಾನು ಹದಿನೇಳು ವರ್ಷದಿಂದ ನರ್ಸು. ಪ್ರಮೀಳಾ ಸಿಸ್ಟರ್ ಅಂದರೆ ಎಂಥ ಜೋರಿನ ಅಪ್ಪಂದಿರೂ ದನಿ ತಗ್ಗಿಸುತ್ತಾರೆ. ಈ ಹೆಂಗಸು ಮಾತ್ರ ಬಂದ ದಿನವೇ ನನ್ನ ಮೇಲೆ ಏರಿಬಂದಳು.

ಅದು ನಾಲ್ಕು ವರ್ಷದ ಹಿಂದಿನ ಒಂದು ಸೋಮವಾರ. ಸೋಮವಾರ ಅಂದರೆ ನಮಗೆ ಸಂತೆ. ಬೆಂಚು ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಟೋಕನ್ ಕೊಡುವ ಮುಂಚೆ ನಾನು ಪ್ರತಿ ಮಗುವಿನ ಜ್ವರ ನೋಡುತ್ತಿದ್ದೆ. ನೂರಾ ಎರಡು ದಾಟಿದ ಮಗು ಸೀದಾ ಒಳಗೆ, ಮಿಕ್ಕವರು ಸರದಿಯಲ್ಲಿ. ಈ ಪದ್ಧತಿ ನಮ್ಮ ಡಾಕ್ಟರ್ ಅನಂತರಾಜು ಅವರದಲ್ಲ, ನಾನೇ ಮಾಡಿಕೊಂಡಿದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಭದ್ರಮ್ಮ ಚೇಳೂರಿನಿಂದ ಗುಬ್ಬಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ಬಂದಿದ್ದಳು. ಹೆಗಲ ಮೇಲೆ ಮೂರು ವರ್ಷದ ಮೊಮ್ಮಗಳು ಸಂಧ್ಯಾ. ಮಗಳು ಕುಣಿಗಲ್ಲಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರಿಂದ ಮಗು ಅಜ್ಜಿಯ ಹತ್ತಿರವೇ ಬೆಳೆಯುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದೆ. ತೊಂಬತ್ತೇಳೂವರೆ.

“ಜ್ವರ ಇಲ್ಲ ಕಣಮ್ಮ. ಟೋಕನ್ ಮೂವತ್ತೆಂಟು, ಕೂತ್ಕೊಳಿ.”

“ಜ್ವರ ಇಲ್ದೇ ಇರೋದ್ಕೇ ಕಣವ್ವ ನಂಗೆ ಭಯ. ಬೆಳಗ್ಗಿಂದ ಕೂಸು ಸರಿಯಾಗಿ ಕಣ್ಣೇ ಬಿಡ್ತಿಲ್ಲ. ಇದರಣ್ಣಾನೂ ಹಿಂಗೇ ಮೈ ತಣ್ಣಗಿದ್ದಂಗೇ ಹೋಗ್ಬುಟ್ಟ.”

ಇಂಥ ಮಾತು ನಾನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಸರದಿ ತಪ್ಪಿಸಲು ಜನ ಸತ್ತವರನ್ನೂ ಎಳೆದು ತರುತ್ತಾರೆ. “ಎಲ್ರಿಗೂ ಅವರವರ ಮಗೂನೇ ಹೆಚ್ಚು, ಕೂತ್ಕೊಳ್ರೀ ಸುಮ್ನೆ” ಎಂದು ಗದರಿಸಿದೆ.

ಕೂತಳೇ? ಎಲ್ಲಿ ಬಂತು! ಸೀದಾ ಹೋಗಿ ಡಾಕ್ಟರ ಬಾಗಿಲಿಗೆ ಅಡ್ಡ ನಿಂತಳು. ಹನ್ನೆರಡನೇ ಟೋಕನ್ನಿನ ಗಂಡಸು, “ಏನಮ್ಮಾ, ನಾವೇನು ಇಲ್ಲಿ ಕಡ್ಲೆಕಾಯಿ ತಿನ್ನಕ್ಕೆ ಬಂದಿದೀವಾ?” ಎಂದು ರೇಗಿದ. ಭದ್ರಮ್ಮ ಜಗ್ಗಲಿಲ್ಲ. “ಬಯ್ರಿ, ಬೇಕಾದ್ರೆ ಹೊಡೀರಿ. ನನ್ ಕೂಸ್ನ ನೋಡೋಗಂಟ ಒಬ್ರುನ್ನೂ ಒಳೀಕೆ ಬುಡಾಕಿಲ್ಲ!”

ನನಗೆ ಪಿತ್ತ ನೆತ್ತಿಗೇರಿತು. ಹೋಗಿ ಆಕೆಯ ರಟ್ಟೆ ಹಿಡಿದು ಎಳೆದೆ. ಎಳೆಯುವಾಗ ಮಗುವಿನ ಪಾದ ನನ್ನ ಕೈಗೆ ತಗುಲಿತು. ಐಸಿನಂತೆ ಕೊರೆಯುತ್ತಿತ್ತು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟೆ. ಬೆಳ್ಳಗಾದ ಉಗುರಿಗೆ ರಕ್ತ ವಾಪಸ್ ಬರಬೇಕಲ್ಲ, ಬರಲೇ ಇಲ್ಲ. ಒಂದು, ಎರಡು, ಮೂರು, ನಾಲ್ಕು, ಐದು. ಪುಟ್ಟ ಎದೆ ಒಂದೇ ಸಮ ಏದುತ್ತಿತ್ತು. ಅಯ್ಯೋ ದೇವರೇ, ಈ ಮಗುವಿಗೆ ಮೂವತ್ತೆಂಟನೇ ಟೋಕನ್ ಕೊಟ್ಟೆನಲ್ಲ! ಕಿತ್ತುಕೊಂಡು ಒಳಗೆ ಓಡಿದೆ.

ಡಾಕ್ಟರ್ ಒಂದೇ ನೋಟಕ್ಕೆ ಎದ್ದು ನಿಂತರು. “ರಕ್ತಕ್ಕೆ ಸೋಂಕು ಏರಿದೆ ಪ್ರಮೀಳಾ, ಬೇಗ ಲೈನ್ ಹಾಕಿ.” ಸೂಜಿ ಚುಚ್ಚಲು ನರ ಸಿಗಲಿಲ್ಲ. ಎಡಗೈ ನೋಡಿದೆ, ಬಲಗೈ ನೋಡಿದೆ, ಪಾದ ನೋಡಿದೆ. ಅಷ್ಟು ಚುಚ್ಚಿದರೂ ಮಗು ಅಳಲಿಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ನಾಲ್ಕನೇ ಸಲ ಕಾಲಿನ ಗಿಣ್ಣಿನ ಹತ್ತಿರ ಸಿಕ್ಕಿತು. ಆಂಟಿಬಯಾಟಿಕ್ ಹರಿಸುತ್ತಲೇ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಐದು ದಿನ ಐಸಿಯುನಲ್ಲಿ ಮಗು ಆಚೆಗೋ ಈಚೆಗೋ ಅನ್ನುವಂತಿತ್ತು. ಡ್ಯೂಟಿ ಮುಗಿದ ಮೇಲೆ ದಿನಾ ಹೋಗಿ ಬಾಗಿಲ ಗಾಜಿನಲ್ಲಿ ಇಣುಕುತ್ತಿದ್ದೆ, ಭದ್ರಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ. ಆರನೇ ದಿನ ಮಗು ನೀರು ಕೇಳಿತು.

ಅಣ್ಣನೂ ಹೀಗೇ ಹೋದನಂತೆ ಎಂದು ನಾನು ಹೇಳಿದ ಮಾತು ಡಾಕ್ಟರ ತಲೆಯಲ್ಲಿ ಕೂತಿತ್ತು. ಮಗುವಿನ ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಭದ್ರಮ್ಮನನ್ನು ಎದುರಿಗೆ ಕೂರಿಸಿಕೊಂಡರು.

“ನಿಮ್ಮ ತೆಂಗಿನ ತೋಟಕ್ಕೆ ಕಳ್ಳ ಬಂದ ಅಂದ್ಕೊಳಿ. ಮೊದ್ಲು ನೋಡ್ದೋನು ಕೂಗ್ಬೇಕು. ಕೂಗಿದ್ರೆ ಊರು ಏಳುತ್ತೆ, ಕಳ್ಳನ ಮುಖ ನೋಡುತ್ತೆ, ಮುಂದಿನ್ಸಲ ದೂರದಿಂದ್ಲೇ ಗುರುತು ಹಿಡಿಯುತ್ತೆ. ಮೈಯೊಳಗೂ ಹಂಗೇ. ಜ್ವರ ಬರೋದೂ ಆ ಕೂಗಿಂದ್ಲೇ. ಇವಳಿಗೆ ಹುಟ್ಟಿನಿಂದ ಆ ಕೂಗು ಸರಿಯಾಗಿ ಏಳ್ತಿಲ್ಲ. ಕೆಲವು ಬ್ಯಾಕ್ಟೀರಿಯಾ ಒಳಗೆ ಬಂದ್ರೂ ಮೈಗೆ ಬೇಗ ಗೊತ್ತಾಗಲ್ಲ.”

“ಹಂಗಾರೆ ಇದರ ಮೈ ಯಾವತ್ತೂ ಕಲಿಯಾಕಿಲ್ವಾ ಸ್ವಾಮಿ?”

“ಕಲಿಯುತ್ತೆ, ನಿಧಾನಕ್ಕೆ. ಲಸಿಕೆ ಹಾಕ್ಸಿ, ದಿನಾ ಔಷಧಿ ಕೊಟ್ಟು ಕಾಪಾಡ್ಬೇಕು. ಹದಿನಾಲ್ಕು ಹದಿನೈದು ದಾಟಿದ್ರೆ ಅಪಾಯ ತುಂಬಾ ಕಮ್ಮಿ ಆಗುತ್ತೆ. ಅಲ್ಲೀವರೆಗೆ ಮಗು ಮಂಕಾದ್ರೆ ಥರ್ಮಾಮೀಟರ್ ನಂಬ್ಬೇಡಿ, ಓಡಿ ಬನ್ನಿ.”

ಈಗ ಸಂಧ್ಯಾಗೆ ಏಳು ವರ್ಷ. ಇನ್ನೂ ಅಷ್ಟೇ ವರ್ಷ ಕಾಯಬೇಕು. ಭದ್ರಮ್ಮ ಮದುವೆ ಮುಂಜಿ ಬಿಟ್ಟಿದ್ದಾಳೆ, ನೆಂಟರ ಮನೆಯಲ್ಲಿ ಒಂದು ರಾತ್ರಿಯೂ ತಂಗುವುದಿಲ್ಲ. ಬೆಳಗ್ಗೆ ಎದ್ದೊಡನೆ ಮಗುವಿನ ಉಗುರು ಒತ್ತಿ ನೋಡುತ್ತಾಳೆ, ಅದನ್ನು ಹೇಳಿಕೊಟ್ಟವಳು ನಾನು. ಮಗು ಊಟ ಬಿಟ್ಟರೆ ಸಾಕು, ಫೋನ್ ಬರುತ್ತದೆ. “ಜ್ವರ ಎಷ್ಟಿದೆ?” ಎಂದು ಬಾಯಿತಪ್ಪಿ ಕೇಳಿದ ಟೀಚರಿಗೆ ಶಾಲೆಯ ಅಂಗಳದಲ್ಲೇ ಮಂಗಳಾರತಿ ಆಗಿದೆ. ಎರಡು ಸಲ ಭದ್ರಮ್ಮ ಏನೂ ಇಲ್ಲದೆ ಓಡಿಬಂದಳು. ಮೂರನೇ ಸಲ ನಿಜವಾಗಿಯೂ ಸೋಂಕಿತ್ತು. ನನ್ನ ಪದ್ಧತಿಯನ್ನೂ ಕಸಕ್ಕೆ ಹಾಕಿದ್ದೇನೆ, ಈಗ ಜ್ವರಕ್ಕಿಂತ ಮೊದಲು ಪಾದ ಮುಟ್ಟುತ್ತೇನೆ.

ಹೋದ ತಿಂಗಳು ಔಷಧಿಗೆ ಬಂದಾಗ ಆಕೆ ತುಂಬಾ ಸೋತಂತೆ ಕಂಡಳು. “ಭದ್ರಮ್ಮಾ, ಒಬ್ರೇ ಎಷ್ಟು ಅಂತ ಒದ್ದಾಡ್ತೀರಾ? ಮಗಳು ಕುಣಿಗಲ್ಲಿಗೇ ಕರ್ಕೊಂಡು ಹೋಗ್ಬಾರ್ದಾ?” ಎಂದೆ.

ಆಕೆ ಔಷಧಿಯ ಶೀಶೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಮೊದಲ್ನೇ ಕೂಸು ಮಂಕಾದಾಗ ಅವ್ಳು ಎತ್ಕಂಡು ಗುಬ್ಬಿ ಬಸ್ ಹತ್ತಿದ್ಲು ಕಣವ್ವ. ನಾನೇ ಹಣೆ ಮುಟ್ಟಿ ನೋಡ್ದೆ. ತಣ್ಣಗಿತ್ತು. ಜ್ವರಾನೇ ಇಲ್ಲ ಬುಡು, ಮಲಗಿದ್ರೆ ಸರಿಹೋಯ್ತದೆ, ಇಳಿಯೇ ಅಂತ ಬಸ್ಸಿಂದ ಇಳಿಸ್ದೆ. ಬೆಳಗಾಗೋದ್ರೊಳ್ಗೆ ಹೋಗ್ಬುಟ್ಟ.”

ನಾನು ನನ್ನ ಸ್ಟೂಲನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡೆ.

“ಇವತ್ತಿನಗಂಟ ಅವ್ಳು ನಂಗೆ ಒಂದ್ ಮಾತ್ ಅಂದಿಲ್ಲ. ಇದು ಹುಟ್ದಾಗ್ಲೂ ತಂದು ನನ್ ಕೈಗೇ ಕೊಟ್ಲು ಕಣವ್ವ.”