ಸ್ಕೀ ಟ್ರಿಪ್ ವಾರದಲ್ಲೇ ಅಪ್ಪನ ತಿಥಿ

"ನೀವೆಲ್ಲಾ ಹೋಗ್ಬನ್ನಿ, ನಾನು ಬರಲ್ಲ" ಎಂದು ಅಮ್ಮ ಹೇಳಿದಾಗ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಅವಳಿಗೇ ಸ್ನೋ ಬೂಟ್ಸ್ ಹುಡುಕುತ್ತಿದ್ದೆ.

ಫೆಬ್ರವರಿಯ ಸ್ಕೂಲ್ ಬ್ರೇಕ್‌ಗೆ ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಹಳ್ಳಿಗೆ ಹೋಗುವ ಪ್ಲಾನ್. ಟಿಕೆಟ್, ಅಪಾರ್ಟ್‌ಮೆಂಟ್, ನನಗೂ ನನ್ನ ಗಂಡನಿಗೂ ಸ್ಕೀ ಬಿಗಿನರ್ಸ್ ಕ್ಲಾಸ್, ಎಲ್ಲ ಬುಕ್ ಆಗಿತ್ತು.

ಮಗಳು ಅದಿತಿ ಸ್ಕೂಲಿನ ಸ್ಕೀ ಕ್ಲಬ್ಬಿನವಳು. ನ್ಯೂಜೆರ್ಸಿಯ ಗುಡ್ಡದ ಮೇಲೆ ಮೆಷಿನ್ ಉಗುಳಿದ ಹಿಮದಲ್ಲೇ ಕಲಿತವಳಿಗೆ ನಿಜವಾದ ಆಲ್ಪ್ಸ್ ನೋಡುವ ಹುಚ್ಚು.

ಅವಳಿಗಿಂತ ಹೆಚ್ಚು ಹುಚ್ಚು ಹಿಡಿದದ್ದು ಅಮ್ಮನಿಗೆ! ಆ ಹಳ್ಳಿಯಲ್ಲಿ ಕಾರುಗಳೇ ಇಲ್ಲ, ಸ್ಟೇಷನ್ನಿನಿಂದ ಕುದುರೆಗಾಡಿ. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಮೈಸೂರಿನಲ್ಲಿ ಟಾಂಗಾದಲ್ಲಿ ಸುತ್ತಾಡಿಸಿದ್ದರಂತೆ.

ಕುದುರೆಗಾಡಿಯ ಫೋಟೋ ನೋಡಿದ ಮೇಲೆ ಫೋರ್ಟ್ ಲೀಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಆ ಕಥೆ ಹೇಳಿದ್ದಾಳೆ. ಕನ್ನಡದ ಒಂದಕ್ಷರ ಬಾರದ ಕೊರಿಯನ್ ಅಜ್ಜಿಗೂ ಹೇಳಿದ್ದಾಳೆ, ಆಕೆಯೂ ತಲೆಯಾಡಿಸಿ ಕೇಳಿದ್ದಾರೆ.

ಅಂಥವಳು ಈಗ ಬರಲ್ಲ ಅಂತಾಳೆ.

ವಿಷಯ ಇಷ್ಟೇ... ಮೈಸೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಹೊಸ ಪಂಚಾಂಗದ ಕ್ಯಾಲೆಂಡರ್ ಬಂದಿತ್ತು. ಅಮ್ಮ ಅದನ್ನು ಫ್ರಿಜ್ ಪಕ್ಕ ನೇತುಹಾಕಿ, ಫೆಬ್ರವರಿಯ ಹಾಳೆ ತಿರುಗಿಸಿ ನೋಡಿದ್ದಾಳೆ. ಮಾಘ ಬಹುಳ ಪಂಚಮಿ, ಅಪ್ಪನ ತಿಥಿ, ಸರಿಯಾಗಿ ನಮ್ಮ ಟ್ರಿಪ್ಪಿನ ನಡುವೆ ಬಂದು ಕೂತಿದೆ.

ಅಪ್ಪ ಹೋದದ್ದು ಮಾರ್ಚ್‌ನಲ್ಲಿ. ನನ್ನ ತಲೆಯಲ್ಲಿ ಮಾರ್ಚ್ ಎಂದೇ ಉಳಿದುಬಿಟ್ಟಿದೆ. ತಿಥಿ ಹಿಂದೆ ಮುಂದೆ ಆಗುತ್ತದೆ ಅಂತ ಗೊತ್ತಿದ್ದೂ ಸ್ಕೂಲ್ ಕ್ಯಾಲೆಂಡರ್ ಒಂದನ್ನೇ ನೋಡಿ ಬುಕ್ ಮಾಡಿದ ಜಾಣೆ ನಾನು!

ನಾನು ಒಬ್ಬಳೇ ಮಗಳು. ನಮ್ಮ ಮನೆಯಲ್ಲಿ ಆ ದಿನ ದೊಡ್ಡ ವಿಧಿ ಏನೂ ಇರುವುದಿಲ್ಲ. ಅಪ್ಪನಿಗೆ ಇಷ್ಟವಾದ ಅಡುಗೆ ಮಾಡಿ, ಎಡೆಯನ್ನು ಹಡ್ಸನ್ ನದಿ ದಡದ ಪಾರ್ಕಿಗೆ ಒಯ್ದು, ಒಂದು ಕಲ್ಲಿನ ಮೇಲಿಟ್ಟು ಕಾಯುತ್ತೇವೆ.

ನಮ್ಮ ಬಾಲ್ಕನಿ ಬಹಳ ಎತ್ತರ, ಅಲ್ಲಿಗೆ ಸೀಗಲ್ ಎಂಬ ಬಿಳಿ ಕಡಲಹಕ್ಕಿ ಬರುತ್ತದೆಯೇ ಹೊರತು ಕಾಗೆ ಬರುವುದಿಲ್ಲ. ಸೀಗಲ್ ಮುಟ್ಟಿದರೆ ಅಮ್ಮನ ಲೆಕ್ಕಕ್ಕಿಲ್ಲ. ಕಾಗೆ ಮುಟ್ಟುವವರೆಗೆ ಅವಳು ಒಂದು ತುತ್ತೂ ತಿನ್ನುವುದಿಲ್ಲ.

ಟ್ರಿಪ್ ಕ್ಯಾನ್ಸಲ್ ಮಾಡೋಣ ಎಂದೆ. ಅಮ್ಮ ರೇಗಿದಳು. "ಮಗು ಎಷ್ಟು ದಿನದಿಂದ ಕಾಯ್ತಿದೆ! ನಾನು ಇಲ್ಲೇ ಇದ್ದು ಮಾಡ್ಕೋತೀನಿ, ನನಗೇನು ಕಾಲಿಲ್ವಾ?"

ಕಾಲಿದೆ ನಿಜ. ಆದರೆ ಫೆಬ್ರವರಿಯ ಐಸ್ ಮೇಲೆ, ಎಡೆಯ ಡಬ್ಬಿ ಹಿಡಿದುಕೊಂಡು, ಸೇತುವೆಯ ಕೆಳಗಿನ ಆ ಪಾರ್ಕಿನ ಇಳಿಜಾರಿನಲ್ಲಿ ಒಬ್ಬಳೇ ಹೇಗೆ ಇಳಿದಾಳು?

ಅಷ್ಟರಲ್ಲಿ ಅದಿತಿ ರೂಮಿನಿಂದಲೇ ಕೂಗಿದಳು, "ಇಫ್ ಅಜ್ಜಿ ಈಸ್ ನಾಟ್ ಗೋಯಿಂಗ್, ಐ ಆಮ್ ನಾಟ್ ಗೋಯಿಂಗ್!" ಆಮೇಲೆ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ.

ಎರಡು ದಿನ ಮನೆಯಲ್ಲಿ ಯಾರೂ ಸ್ಕೀ ಎಂಬ ಶಬ್ದ ಎತ್ತಲಿಲ್ಲ. ಅಮ್ಮ ಮಾತ್ರ ಆ ಕುದುರೆಗಾಡಿಯ ಫೋಟೋವನ್ನು ತನ್ನ ಫೋನಿನಲ್ಲಿ ತೆಗೆದು ನೋಡುವುದನ್ನು ಒಮ್ಮೆ ಕಂಡೆ. ನಾನು ಬಂದದ್ದು ಗೊತ್ತಾಗಿ ಬೇಗ ಮುಚ್ಚಿಟ್ಟಳು. ನನಗೆ ಅಳು ಬಂತು.

ಶನಿವಾರ ಬೆಳಿಗ್ಗೆ ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು. ಅದಿತಿ ಬಂದು ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದಳು.

ಅದೇ ಹಳ್ಳಿಯ ವಿಡಿಯೋ. ಕೇಬಲ್ ಕಾರ್ ಹತ್ತಿ ಹೋದರೆ ಮೇಲೊಂದು ಕೆಫೆ, ಸುತ್ತ ಬರೀ ಹಿಮ. ಕಪ್ಪನೆಯ ಹಕ್ಕಿಯೊಂದು ಹಾರಿಬಂದು ಒಬ್ಬ ಟೂರಿಸ್ಟಿನ ತಟ್ಟೆಯಿಂದ ಆಲೂಗಡ್ಡೆ ಫ್ರೈ ಎಗರಿಸಿಕೊಂಡು ಹೋಯಿತು.

ಅಮ್ಮ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. "ಕೊಕ್ಕು ಹಳದಿ ಇದ್ಯಲ್ಲೇ?"

"ಬಟ್ ಇಟ್ಸ್ ಕ್ರೋ ಫ್ಯಾಮಿಲಿ, ಅಜ್ಜಿ! ಐ ಚೆಕ್ಡ್. ಲೈಕ್, ಕಸಿನ್."

ಅಮ್ಮ ಹುರುಳಿಕಾಯಿ ಬಿಟ್ಟು ಫೋನನ್ನು ತನ್ನ ಕೈಗೆ ತೆಗೆದುಕೊಂಡಳು.

"ನಿಮ್ಮ ತಾತ ಬದುಕಿದ್ದಾಗ ವಿಮಾನ ಹತ್ತಲಿಲ್ಲ. ಹೋದ್ಮೇಲೆ ವರ್ಷಾ ವರ್ಷಾ ಹಡ್ಸನ್‌ಗೆ ವೀಸಾ ಇಲ್ದೇ ಬರ್ತಿದಾರೆ" ಎಂದಳು ಕೊನೆಗೆ. "ಅಲ್ಲಿಗೂ ಬರ್ತಾರೆ ಬಿಡು."

ಅದಿತಿ ಅವಳ ಕುತ್ತಿಗೆಗೆ ಜೋತುಬಿದ್ದಳು. ಸೋಸಿದ ಹುರುಳಿಕಾಯಿ ನೆಲದ ಪಾಲಾಯಿತು.

ಅಂದಿನಿಂದ ಪ್ಲಾನಿಂಗ್ ಅಮ್ಮನ ಕೈಗೆ ಹೋಗಿದೆ. ನಮ್ಮ ಬಿಗಿನರ್ಸ್ ಕ್ಲಾಸನ್ನು ಪಂಚಮಿಯ ದಿನದಿಂದ ಮರುದಿನಕ್ಕೆ ಹಾಕಿಸಿದ್ದಾಳೆ. ಎಡೆಯ ವಡೆಗೆಂದು ಉದ್ದಿನಬೇಳೆ ತೊಳೆದು ಒಣಗಿಸಿ ಪುಡಿ ಮಾಡಿಟ್ಟಿದ್ದಾಳೆ. ಪುಟ್ಟ ಬಾಣಲೆ ನನ್ನ ಸ್ಕೀ ಜಾಕೆಟ್ಟಿನೊಳಗೆ ಸುತ್ತಿಕೊಂಡು ಸೂಟ್‌ಕೇಸ್ ಸೇರಿದೆ.

ಅಪಾರ್ಟ್‌ಮೆಂಟಿನ ಓನರ್‌ಗೆ ನಾನು ಬರೆದ ಮೆಸೇಜ್ ನೆನೆದರೆ ಈಗಲೂ ನಗು ಬರುತ್ತದೆ. ಕಿಚನ್ನಿನಲ್ಲಿ ಎಣ್ಣೆಯಲ್ಲಿ ಕರಿಯಬಹುದೇ, ಬಾಲ್ಕನಿಗೆ ಆ ಕಪ್ಪು ಹಕ್ಕಿ ಬರುತ್ತದೆಯೇ ಎಂದು ಕೇಳಿದ್ದೆ. ಪಾಪ, ಕಿಟಕಿ ತೆಗೆದು ಕರಿಯಿರಿ, ಹಕ್ಕಿಗಳು ಕೆಳಗೆ ಬರುವುದು ಕಡಿಮೆ, ಮೇಲೆ ಕೆಫೆಯ ಹತ್ತಿರ ಬೇಕಾದಷ್ಟಿವೆ ಎಂದು ಉತ್ತರ ಬಂತು.

ಆದ್ದರಿಂದ ಪಂಚಮಿಯ ದಿನ ಎಪ್ಪತ್ತು ದಾಟಿದ ನಮ್ಮಮ್ಮ, ಸೀರೆಯ ಮೇಲೆ ಸ್ನೋ ಜಾಕೆಟ್ ಹಾಕಿಕೊಂಡು, ಮಡಿಲಲ್ಲಿ ಎಡೆಯ ಡಬ್ಬಿ ಇಟ್ಟುಕೊಂಡು, ಕೇಬಲ್ ಕಾರಿನಲ್ಲಿ ಆಲ್ಪ್ಸ್ ಹತ್ತಲಿದ್ದಾಳೆ. ಉಪವಾಸದಲ್ಲಿ.

ನನಗೆ ಸ್ಕೀ ಕಲಿತು ಕೈಕಾಲು ಮುರಿದುಕೊಳ್ಳುವ ಭಯ ಈಗಿಲ್ಲ, ಇರುವುದು ಅಮ್ಮನ ಹಸಿವಿನ ಭಯ ಒಂದೇ...

ಅಲ್ಲಿಗೆ ಹೋಗಿಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಆ ಹಳದಿ ಕೊಕ್ಕಿನ ಕಾಗೆ ಉದ್ದಿನ ವಡೆ ತಿನ್ನುತ್ತದೆ ಅಲ್ಲವೇ?