ತವರಿನ ಕೆಂಪು ದೇವಕಣಗಿಲೆ

ಜಯಕ್ಕನ ಬ್ಯಾಗಿನಿಂದ ಯಾವಾಗಲೂ ಒಂದು ಕಡ್ಡಿ ಇಣುಕುತ್ತಿತ್ತು. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಯಾರದೋ ಅಂಗಳದ ಗಿಡದ ತುಂಡೊಂದು ಅವರ ಜೊತೆ ಬಸ್ಸು ಹತ್ತಿ ರಾವಂದೂರಿಗೆ ಬರುತ್ತಿತ್ತು. ಅದೂ ಕದ್ದದ್ದೇ ಆಗಬೇಕು. ಕದ್ದ ಗಿಡವೇ ಬೇರು ಬಿಡುವುದು ಎಂದು ಅವರ ನಂಬಿಕೆ. ಯಾರಾದರೂ ಪ್ರೀತಿಯಿಂದ ಮುರಿದುಕೊಡಲು ಬಂದರೆ, "ಕೊಡ್ಬ್ಯಾಡ ಕಣವ್ವ. ನೀನು ಒಳೀಕೋಗಿ ಕಾಫಿ ಇಡು, ನಾನು ಕದ್ಕತೀನಿ" ಅನ್ನುತ್ತಿದ್ದರು.

ನಮ್ಮ ಪಕ್ಕದ ಮನೆಯವರು. ಮೊಬೈಲ್ ನೋಡಿ ಗಿಡದ ಹುಚ್ಚು ಹಿಡಿಸಿಕೊಂಡ ನನಗೆ ಊರಲ್ಲಿ ಅವರೊಬ್ಬರೇ ಜೊತೆ.

ಇಂಥ ಜಯಕ್ಕನ ಕೈಗೆ ಬಗ್ಗದೆ ಉಳಿದದ್ದು ಒಂದೇ: ಮಿರ್ಲೆಯ ತವರುಮನೆಯಲ್ಲಿ ಅವರ ಅವ್ವ ನೆಟ್ಟಿದ್ದ ಕೆಂಪು ದೇವಕಣಗಿಲೆ. ಎಷ್ಟು ಸಲ ಕಡ್ಡಿ ತಂದು ನೆಟ್ಟರೂ ಕೊಳೆಯಿತು. ಅವರ ತಮ್ಮ ಅಲ್ಲಿ ಹೊಸ ಮನೆಗೆ ಪಾಯ ತೆಗೆಸುತ್ತಾನೆ, ಆ ಗಿಡ ಹೋಗುತ್ತದೆ ಎಂದು ತಿಳಿದ ದಿನ ನನ್ನನ್ನು ಕರೆದರು.

"ತವರಲ್ಲಿ ನಾನು ಕದ್ರೆ ಅದು ಕಳ್ತನ ಆಯ್ತದೇನ್ಲಾ? ನಂದೇ ಅಲ್ವಾ? ಅದ್ಕೇ ಬೇರು ಬುಡಾಕಿಲ್ಲ. ನೀನು ಬ್ಯಾರೆ ಮನೆ ಹೈದ. ನಡಿ, ನೀನ್ ಕದಿ."

ಬೈಕಿನಲ್ಲಿ ಹೋದೆವು. ನಾನು ಕೊಂಬೆಗೆ ಕತ್ತರಿ ಇಡುವಷ್ಟರಲ್ಲಿ ಆ ತಮ್ಮ, ಚಿಕ್ಕೇಗೌಡರು, ಮಚ್ಚು ಹಿಡಿದು ಬಂದರು. ಬೈಯಲಿಲ್ಲ.

"ಅಷ್ಟುದ್ದ ಯಾತಕ್ಲಾ ಸಾಕಾಯ್ತದೆ? ತಡಿ, ದೊಡ್ಡ ರೆಂಬೇನೆ ಕಡ್ಕೊಡ್ತೀನಿ."

"ಲೇ ಚಿಕ್ಕ, ಕೊಟ್ಗಿಟ್ಟೀಯ! ಆ ಕಡೆ ತಿರಿಕ್ಕೊ!" ಜಯಕ್ಕ ಜಗಲಿಯಿಂದಲೇ ಕೂಗಿದರು.

ಗೌಡರು ಮಚ್ಚನ್ನು ಹೆಗಲ ಮೇಲಿಟ್ಟುಕೊಂಡು, ಕಾಂಪೌಂಡಿನ ಕಡೆ ಮುಖಮಾಡಿ ನಿಂತರು. "ಆಯ್ತೇನ್ಲಾ ಕಳ್ಳ?"

ಕಡ್ಡಿಯ ಹಾಲು ಆರಲೆಂದು ಒಂದು ವಾರ ನೆರಳಲ್ಲಿ ಬಿಟ್ಟು, ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ನೆಟ್ಟೆ. ಜಯಕ್ಕ ದಿನಾ ಚೊಂಬು ಹಿಡಿದು ಹಾಜರು.

"ನೀರು ಹಾಕ್ಬೇಡಿ ಜಯಕ್ಕ, ಕೊಳೆತೋಗ್ತದೆ."

"ಬಾಯಾರಾಕಿಲ್ವೇನ್ಲಾ ಅದ್ಕೆ? ನಿನ್ನ ಮೊಬೈಲ್‌ಗಿಷ್ಟು ಬೆಂಕಿ ಬೀಳ!"

ಹಿಂದಿನವೆಲ್ಲ ಹೇಗೆ ಸತ್ತವೆಂದು ಆಗ ಹೊಳೆಯಿತು. ಚೊಂಬು ಇಸಿದುಕೊಂಡೆ.

ಮಿರ್ಲೆಯ ಗಿಡ ಹೋಯಿತು. ನಮ್ಮದು ಚಿಗುರಿ, ನಾಲ್ಕು ಎಲೆ ಬಿಟ್ಟು, ಚಳಿಗಾಲಕ್ಕೆ ಅವನ್ನೂ ಉದುರಿಸಿ ಬರೀ ಕೋಲಾಯಿತು. "ಸತ್ತೋಯ್ತಲ್ಲಪ್ಪ" ಎಂದು ಜಯಕ್ಕ ನೆಲದ ಮೇಲೇ ಕೂತುಬಿಟ್ಟರು. ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದೆ. ಕನ್ನಡಕ ತರಿಸಿಕೊಂಡು ನೋಡಿದರು. ಕುಂಡ ಎತ್ತಿಕೊಡಲು ಹೋದರೆ ಬೇಡವೆಂದರು.

"ನನ್ತಾವಿದ್ರೆ ನೀರುಯ್ದು ಸಾಯಿಸ್ಬುಡ್ತೀನಿ ಕಣ್ಲಾ. ನಿನ್ತಾವೇ ಇರ್ಲಿ. ಹೂ ಬುಟ್ಟಾಗ ಕರಿ."

ಆ ಬೇಸಿಗೆಯಲ್ಲೇ ಜಯಕ್ಕ ತೀರಿಕೊಂಡರು. ಗಿಡ ಹೂ ಬಿಟ್ಟದ್ದು ಮರುವರ್ಷ. ಚಿಕ್ಕೇಗೌಡರಿಗೆ ಫೋನು ಮಾಡಿದೆ.

"ಕೆಂಪೇನಾ?"

"ಕೆಂಪೇ."

"ಅಕ್ಕಂಗೆ ಹೇಳಿದ್ಯೇನ್ಲಾ?" ಎಂದವರು ಅಲ್ಲಿಗೇ ನಿಲ್ಲಿಸಿದರು. ಫೋನನ್ನು ಮಾತ್ರ ಇಬ್ಬರೂ ಇಡಲಿಲ್ಲ.